ದುಬೈಯ ಕಾರನ್ನು ಊರಿಗೆ ತರಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಗಲ್ಫಿನಿಂದ ಜನರು ರಜೆಗೆ ಬರುವ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳು ಬಹುಪಾಲು ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತವೆ. ಹಿಂದೆ ಎರಡು ಬಾರಿ ನಾನು ಅದಕ್ಕೆ ಚುಟುಕಾಗಿ ಉತ್ತರಿಸಿದ್ದೆ. ಅದು ಸಾಲಲಿಲ್ಲ ಎಂಬುದು ಈ ತಿಂಗಳ ಪತ್ರಗಳಿಂದ ಗೊತ್ತಾಗುತ್ತದೆ. ಅವುಗಳಲ್ಲಿ ಎರಡನ್ನು ಬರೆದವರು ಆಗಲೇ ಹಣ ಕೊಟ್ಟಿದ್ದಾರೆ. ಆದುದರಿಂದ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ ಕೊಡುತ್ತೇನೆ.

ಪ್ರಶ್ನೆ: ಹದಿನಾಲ್ಕು ವರ್ಷ ದುಬೈಯಲ್ಲಿ ದುಡಿದು ಈಗ ಬದಿಯಡ್ಕದಲ್ಲಿ ನೆಲೆಸಲು ಬರುತ್ತಿದ್ದೇನೆ. ನನ್ನ ಹೆಸರಿನಲ್ಲಿಯೇ ಇರುವ 2021ರ ನಿಸ್ಸಾನ್ ಪ್ಯಾಟ್ರೋಲ್ ಕಾರನ್ನು ಜೊತೆಯಲ್ಲಿ ತರಬೇಕೆಂಬ ಆಸೆಯಿದೆ. ವಾಸ ಬದಲಾಯಿಸುವವರಿಗಿರುವ ರಿಯಾಯಿತಿಯಲ್ಲಿ ಸುಂಕವಿಲ್ಲದೆ ಕಾರನ್ನು ತರಿಸಿ, ಇಲ್ಲಿ ಸ್ಟಿಯರಿಂಗನ್ನು ಬಲಬದಿಗೆ ಬದಲಿಸಿ, ಕೆಎಲ್ 14 ನೋಂದಣಿಯನ್ನೂ ಮಾಡಿಸಿಕೊಡುವುದಾಗಿ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಮೂರು ಲಕ್ಷ ರೂಪಾಯಿ ಮುಂಗಡ ಕೇಳಿದ್ದಾನೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಆತ ಹೇಳಿದ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ.

ರಿಯಾಯಿತಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ವಿದೇಶದಲ್ಲಿ ವರ್ಷಗಟ್ಟಲೆ ಇದ್ದು ಮರಳುವವರಿಗೆ ಮನೆಬಳಕೆಯ ಸಾಮಾನುಗಳ ಮೇಲೆ ರಿಯಾಯಿತಿ ಇರುವುದು ನಿಜ. ಫ್ರಿಜ್, ಟಿವಿ, ಬಟ್ಟೆ ಒಗೆಯುವ ಯಂತ್ರಗಳನ್ನು ತಂದ ನೆರೆಹೊರೆಯವರನ್ನು ನೀವೂ ಕಂಡಿರುತ್ತೀರಿ. ಆದರೆ ಆ ರಿಯಾಯಿತಿ ಇರುವುದು ಪ್ರಯಾಣಿಕರ ಬ್ಯಾಗೇಜಿಗೆ. 1962ರ ಕಸ್ಟಮ್ಸ್ ಕಾಯ್ದೆಯ 2(3)ನೆಯ ಕಲಂ ಬ್ಯಾಗೇಜ್ ಎಂದರೇನು ಎಂದು ವಿವರಿಸುವಾಗಲೇ ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದೆ. ನೀವು ಹದಿನಾಲ್ಕು ವರ್ಷ ಇದ್ದಿರಲಿ, ನಲವತ್ತು ವರ್ಷ ಇದ್ದಿರಲಿ, ಕಾರಿನ ಮಟ್ಟಿಗೆ ಕಸ್ಟಮ್ಸ್ ಇಲಾಖೆ ನಿಮ್ಮನ್ನು ಒಬ್ಬ ಆಮದುದಾರನೆಂದೇ ನೋಡುತ್ತದೆ.

ಇನ್ನು ಆಮದಿನ ನಿಯಮ. ಬಳಸಿದ ಕಾರನ್ನು ಭಾರತಕ್ಕೆ ತರಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ವಿಧಿಸಿರುವ ಷರತ್ತುಗಳ ಪ್ರಕಾರ ಸ್ಟಿಯರಿಂಗ್ ಮತ್ತು ನಿಯಂತ್ರಣಗಳು ಬಲಬದಿಯಲ್ಲಿರಬೇಕು, ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು, ವೇಗಮಾಪಕ ಕಿಲೋಮೀಟರಿನಲ್ಲಿರಬೇಕು, ಮುಂದಿನ ದೀಪಗಳು ಎಡಬದಿಯ ಸಂಚಾರಕ್ಕೆ ತಕ್ಕಂತಿರಬೇಕು, ಆಮದಾದ ಮೇಲೆ ಕನಿಷ್ಠ ಐದು ವರ್ಷ ರಸ್ತೆಗೆ ಯೋಗ್ಯವಾಗಿದ್ದು ಅಷ್ಟು ಕಾಲ ಸರ್ವಿಸಿನ ವ್ಯವಸ್ಥೆಯೂ ಇರಬೇಕು. ಹಡಗಿಗೆ ಹತ್ತಿಸುವ ಮೊದಲು ಅಲ್ಲಿಯ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಪಡೆಯಬೇಕು, ಇಲ್ಲಿಗೆ ಬಂದ ಮೇಲೆ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆಯಾಗಬೇಕು. ಬಳಸಿದ ಕಾರು ಇಳಿಯಬಹುದಾದ ಬಂದರು ಮುಂಬಯಿ ಒಂದೇ. ಮಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಇಳಿಸಿಕೊಡುತ್ತೇನೆ ಎನ್ನುವವನ ಮಾತನ್ನು ಅಲ್ಲಿಗೇ ನಿಲ್ಲಿಸಿ. ನಿಮ್ಮ ಪ್ಯಾಟ್ರೋಲ್ ಮೊದಲ ಎರಡು ಷರತ್ತುಗಳಲ್ಲಿಯೇ ಹೊರಗುಳಿಯುತ್ತದೆ.

ಇಲ್ಲಿ ಏಜೆಂಟರು ಮೊಬೈಲಿನಲ್ಲಿ ಒಂದು ಸಾಲನ್ನು ತೋರಿಸುತ್ತಾರೆ. ಸರಿಯಾಗಿ ಕೆಲಸ ಮಾಡುವ ಸಂಜ್ಞಾ ಸಾಧನವಿದ್ದರೆ ಎಡಬದಿ ಸ್ಟಿಯರಿಂಗಿನ ವಾಹನವನ್ನು ಓಡಿಸಬಹುದು ಎಂಬ, 1988ರ ಮೋಟಾರು ವಾಹನ ಕಾಯ್ದೆಯ 120ನೆಯ ಕಲಂ ಅದು. ಆ ಕಲಂ ಇರುವುದು ಹೌದು. ಆದರೆ ಅದು ರಸ್ತೆಯ ಮೇಲೆ ಓಡಿಸುವ ವಿಚಾರಕ್ಕೆ ಸಂಬಂಧಿಸಿದ್ದು. ಗಡಿ ದಾಟಿ ಒಳಗೆ ತರಬಹುದೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಆಮದು ನೀತಿ. ಬಂದರಿನಿಂದಲೇ ಹೊರಬಾರದ ಕಾರಿಗೆ 120ನೆಯ ಕಲಂನಿಂದ ಯಾವ ಪ್ರಯೋಜನವೂ ಇಲ್ಲ.

ವಯಸ್ಸಿನ ಲೆಕ್ಕದಲ್ಲಿಯೂ ಮೋಸವಿದೆ. ಮೂರು ವರ್ಷವನ್ನು ಎಣಿಸಬೇಕಾದದ್ದು ತಯಾರಾದ ದಿನದಿಂದ. ನೋಂದಣಿಯಾದ ದಿನದಿಂದಲ್ಲ, ಮಾರಾಟಗಾರ ಹೇಳುವ ‘ಮಾಡೆಲ್ ವರ್ಷ’ದಿಂದಲೂ ಅಲ್ಲ. ಬಾಗಿಲ ಕಂಬದ ಮೇಲಿನ ಫಲಕವನ್ನು ಕಿತ್ತು ಬೇರೆ ಅಂಟಿಸಿದ ಕಾರುಗಳನ್ನು ನಾನು ಶಾರ್ಜಾದ ಯಾರ್ಡುಗಳಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡಿದ್ದೇನೆ. ಫಲಕವನ್ನು ಬದಲಿಸುವವರು ಸೀಟ್ ಬೆಲ್ಟನ್ನು ಮರೆಯುತ್ತಾರೆ. ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದರೆ ಬುಡದಲ್ಲಿ ಹೊಲಿದ ಸಣ್ಣ ಬಟ್ಟೆಯ ಚೀಟಿಯ ಮೇಲೆ, ಅನೇಕ ಕಾರುಗಳಲ್ಲಿ, ಆ ಬೆಲ್ಟು ತಯಾರಾದ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ನಾಲ್ಕೂ ಬೆಲ್ಟುಗಳು 2019 ಎಂದು ಹೇಳುತ್ತಿರುವಾಗ ಫಲಕ ಮಾತ್ರ 2021 ಎಂದರೆ ನಾನು ಬೆಲ್ಟುಗಳನ್ನು ನಂಬುತ್ತೇನೆ.

ಈಗ ಸ್ಟಿಯರಿಂಗನ್ನು ಬಲಕ್ಕೆ ಬದಲಿಸುವ ವಿಚಾರ. ಈ ಒಂದು ಮಾತಿಗೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಉಪ್ಪಳದ ಬಳಿ ಹೆದ್ದಾರಿಯಲ್ಲಿ ಮಣ್ಣಿನ ದಿಬ್ಬಕ್ಕೆ ಗುದ್ದಿದ ಒಂದು ದೊಡ್ಡ ಕಾರನ್ನು ವಿಮೆಯ ಸರ್ವೇಗಾಗಿ ನೋಡಬೇಕಾಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ನೋಡಿದಾಗ, ಎಂಜಿನ್ನಿಗೂ ಒಳಭಾಗಕ್ಕೂ ನಡುವಿನ ತಗಡಿನ ಎಡಬದಿಯಲ್ಲಿದ್ದ ಹಳೆಯ ತೂತಿಗೆ ತೇಪೆ ಹಾಕಿ ವೆಲ್ಡ್ ಮಾಡಿ ಮೇಲೆ ಟಾರು ಬಳಿದಿದ್ದರು. ಬ್ರೇಕ್ ಪೆಡಲು ಬಲಕ್ಕೆ ಬಂದಿತ್ತು, ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬ್ರೇಕ್ ಬೂಸ್ಟರ್ ಮಾತ್ರ ಎಡಗಡೆಯೇ ಉಳಿದಿತ್ತು; ಎರಡನ್ನೂ ಜೋಡಿಸಿದ್ದು ಗೇಟಿಗೆ ಬಳಸುವಂಥ ಒಂದು ಚಪ್ಪಟೆ ಕಬ್ಬಿಣದ ಪಟ್ಟಿ. ಅದರ ತುದಿಯ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಸ್ಟಿಯರಿಂಗಿನ ಏರ್‌ಬ್ಯಾಗಿಗೆ ಹೋಗುವ ವಯರನ್ನು ಕತ್ತರಿಸಿ, ಎಚ್ಚರಿಕೆಯ ದೀಪ ಉರಿಯದಿರಲೆಂದು ಅಲ್ಲಿ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸಿದ್ದರು. ಕಾರನ್ನು ಓಡಿಸಿದ್ದ ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನ ಎರಡೂ ಕಾಲು ಮುರಿದಿದ್ದವು, ವಿಮೆಯೂ ಸಿಗಲಿಲ್ಲ. ಪೆಡಲಿನಿಂದ ಬೂಸ್ಟರಿಗೆ ಅಡ್ಡ ಸರಳು ಹಾಕುವ ವಿನ್ಯಾಸ ಕೆಲವು ಕಂಪನಿಗಳ ಕಾರುಗಳಲ್ಲಿಯೂ ಇದೆ. ಆದರೆ ಅವರು ಅದನ್ನು ಲೆಕ್ಕ ಹಾಕಿ, ಸಾವಿರಾರು ಸಲ ಒತ್ತಿ ಪರೀಕ್ಷಿಸಿ ಮಾಡುತ್ತಾರೆ. ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವನು ಹಾಗೆ ಮಾಡುವುದಿಲ್ಲ.

ಕಾನೂನಿನಲ್ಲಿಯೂ ಇದಕ್ಕೆ ಎಡೆಯಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ, ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಎತ್ತಿಹಿಡಿದಿದೆ.

ದೀಪದ ವಿಚಾರವನ್ನು ಯಾರೂ ಕೇಳುವುದಿಲ್ಲ, ಆದುದರಿಂದ ನಾನಾಗಿಯೇ ಹೇಳುತ್ತೇನೆ. ಕಾರನ್ನು ಗೋಡೆಗೆ ಎದುರಾಗಿ ಐದಾರು ಮೀಟರ್ ದೂರದಲ್ಲಿ ನಿಲ್ಲಿಸಿ ಡಿಮ್ ಹಾಕಿ ನೋಡಿ. ಬೆಳಕಿನ ಮೇಲಂಚು ಒಂದು ಬದಿಯಲ್ಲಿ ಸಮತಟ್ಟಾಗಿದ್ದು ಇನ್ನೊಂದು ಬದಿಯಲ್ಲಿ ಓರೆಯಾಗಿ ಮೇಲೇಳುತ್ತದೆ. ನಮ್ಮ ಕಾರುಗಳಲ್ಲಿ ಅದು ಎಡಕ್ಕೆ, ಅಂದರೆ ರಸ್ತೆಯ ಅಂಚಿನ ಕಡೆಗೆ ಏರುತ್ತದೆ. ಗಲ್ಫಿನ ಕಾರಿನಲ್ಲಿ ಬಲಕ್ಕೆ ಏರುತ್ತದೆ. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ರಾತ್ರಿ ಆ ಬೆಳಕು ನೇರವಾಗಿ ಬೀಳುವುದು ಎದುರಿನಿಂದ ಬರುವ ಬೈಕಿನವನ ಕಣ್ಣಿಗೆ. ಯುರೋಪಿನ ಮಾನದಂಡದ ದೀಪವಾದರೆ ಗಾಜನ್ನು ನೋಡಿಯೇ ಹೇಳಬಹುದು: ಎಡಬದಿಯ ಸಂಚಾರಕ್ಕೆಂದು ಮಾಡಿದ ದೀಪದಲ್ಲಿ, ಎದುರಿಗೆ ನಿಂತು ನೋಡುವವರ ಬಲಕ್ಕೆ ಮುಖ ಮಾಡಿದ ಸಣ್ಣ ಬಾಣದ ಗುರುತು ಇರುತ್ತದೆ, ಬಲಬದಿಯ ಸಂಚಾರದ ದೀಪಕ್ಕೆ ಬಾಣವೇ ಇರುವುದಿಲ್ಲ. ಸ್ಟಿಯರಿಂಗ್ ಬದಲಿಸಿದೆವೆನ್ನುವವರು ದೀಪವನ್ನು ಬದಲಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಇಷ್ಟಾದ ಮೇಲೆಯೂ ಪ್ಯಾಟ್ರೋಲೇ ಬೇಕೆಂದರೆ ಆಸ್ಟ್ರೇಲಿಯಾದಂತಹ ದೇಶದ ಮಾರುಕಟ್ಟೆಗೆಂದು ಬಲಬದಿ ಸ್ಟಿಯರಿಂಗಿನಲ್ಲಿ ತಯಾರಾದ, ಮೂರು ವರ್ಷದೊಳಗಿನ ಕಾರನ್ನು ಹುಡುಕಬೇಕು. ಆಗ ಸುಂಕದ ಲೆಕ್ಕ ಹೀಗಾಗುತ್ತದೆ. ನೀವು ಕೊಟ್ಟ ಹಣದ ರಸೀದಿಯನ್ನು ನಂಬುವ ಅಗತ್ಯ ಕಸ್ಟಮ್ಸಿಗೆ ಇಲ್ಲ; ಕಾರು ಹೊಸದಾಗಿದ್ದಾಗಿನ ಬೆಲೆಯಿಂದ ಸವಕಳಿಯನ್ನು ಕಳೆದು, ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಸೇರಿಸಿ ಅವರು ಬೆಲೆ ಕಟ್ಟಬಹುದು. ಅದು 20 ಲಕ್ಷ ಎಂದಿಟ್ಟುಕೊಳ್ಳಿ. ಬಳಸಿದ ಕಾರಿನ ಮೇಲಿನ ಸುಂಕ ಎಲ್ಲ ಸೇರಿ ಶೇಕಡಾ 137.5, 2025ರ ಬಜೆಟ್ಟಿನಲ್ಲಿ ಮೂಲ ಸುಂಕ ಇಳಿಯಿತೆಂಬ ಸುದ್ದಿಯನ್ನು ಓದಿ ಹಲವರು ಸಂತೋಷಪಟ್ಟು ಬರೆದರು, ಆದರೆ ಇಳಿದಷ್ಟನ್ನೂ ಕೃಷಿ ಮೂಲಸೌಕರ್ಯ ಸೆಸ್ ತುಂಬಿಕೊಂಡಿತು. ಹೀಗೆ 27.5 ಲಕ್ಷ ಸೇರಿ ಬೆಲೆ 47.5 ಲಕ್ಷವಾಗುತ್ತದೆ. ಆ ಒಟ್ಟು ಮೊತ್ತದ ಮೇಲೆ ದೊಡ್ಡ ಕಾರುಗಳಿಗಿರುವ ಶೇಕಡಾ 40ರ ಜಿಎಸ್‌ಟಿ, ಅಂದರೆ 19 ಲಕ್ಷ. ಈಗ 66.5 ಲಕ್ಷ. ಅದರ ಮೇಲೆ ಕೇರಳದ ರಸ್ತೆ ತೆರಿಗೆ, ಇಂತಹ ಬೆಲೆಯ ಕಾರಿಗೆ ಸುಮಾರು ಐದನೆಯ ಒಂದು ಭಾಗ. 20 ಲಕ್ಷದ ಕಾರು ನಿಮ್ಮ ಅಂಗಳಕ್ಕೆ ಬರುವಾಗ 80 ಲಕ್ಷಕ್ಕೆ ಹತ್ತಿರವಾಗಿರುತ್ತದೆ. ನಿಸ್ಸಾನ್ ಕಂಪನಿ ಈ ಕಾರನ್ನು ಭಾರತದಲ್ಲಿ ಮಾರುತ್ತಿಲ್ಲವಾದ ಕಾರಣ ಒಂದು ವಾಟರ್ ಪಂಪಿಗೂ ನೀವು ದುಬೈಯ ಗೆಳೆಯರನ್ನೇ ಕೇಳಬೇಕಾಗುತ್ತದೆ.

ಕಾರನ್ನು ಅಲ್ಲಿಯೇ ಮಾರಿ. ಸರ್ವಿಸಿನ ದಾಖಲೆ ಸರಿಯಾಗಿರುವ ಪ್ಯಾಟ್ರೋಲಿಗೆ ಗಲ್ಫಿನಲ್ಲಿ ಒಳ್ಳೆಯ ಬೆಲೆಯಿದೆ, ಇಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಬ್ಯಾಂಕಿನ ಸಾಲ, ದಂಡ, ಸಾಲಿಕ್ ಟೋಲು ಎಲ್ಲವನ್ನೂ ತೀರಿಸಿ, ನೋಂದಣಿ ಕೊಂಡವರ ಹೆಸರಿಗೆ ಬದಲಾದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಿ. ವರ್ಷಗಟ್ಟಲೆ ಜೊತೆಗಿದ್ದ ವಾಹನವನ್ನು ಬಿಟ್ಟುಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಾನೂ ನನ್ನ ಹಳೆಯ ಪಜೇರೋವನ್ನು ಹಾಗೆಯೇ ಬಿಟ್ಟುಬಂದವನು.

ಪ್ರಶ್ನೆ: ಜಪಾನಿನ 660 ಸಿಸಿಯ ಪುಟ್ಟ ಜಿಮ್ನಿ ನಮ್ಮ ತೋಟದ ದಾರಿಗೆ ಹೇಳಿ ಮಾಡಿಸಿದಂತಿದೆ. ಹರಾಜಿನಲ್ಲಿ ಎರಡು ಲಕ್ಷಕ್ಕೆ ಸಿಗುತ್ತದಂತೆ. ಇಪ್ಪತ್ತೈದು ವರ್ಷ ಹಳೆಯದಾದರೆ ನಿಯಮಗಳು ಅನ್ವಯಿಸುವುದಿಲ್ಲವೆಂದು ಕೇಳಿದ್ದೇನೆ. (ಪೆರ್ಲ)

ಉತ್ತರ: ಇಪ್ಪತ್ತೈದು ವರ್ಷದ ನಿಯಮ ಅಮೆರಿಕದ್ದು, ಅದಕ್ಕೂ ನಮಗೂ ಸಂಬಂಧವಿಲ್ಲ. ಜಪಾನಿನಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವಿರುವುದರಿಂದ ಸ್ಟಿಯರಿಂಗ್, ದೀಪ, ವೇಗಮಾಪಕಗಳ ತೊಡಕಿಲ್ಲ. ಆದರೆ ಎರಡು ಲಕ್ಷಕ್ಕೆ ಸಿಗುವುದು ಹಳೆಯ ಗಾಡಿ, ಮೂರು ವರ್ಷದೊಳಗಿನದ್ದಲ್ಲ. ಮಾರುತಿ ಕಂಪನಿ ಭಾರತದಲ್ಲಿ ತಯಾರಿಸುವ ಐದು ಬಾಗಿಲಿನ ಜಿಮ್ನಿಯನ್ನು 2025ರಿಂದ ಜಪಾನಿಗೇ ರಫ್ತು ಮಾಡುತ್ತಿದೆ, ಅದನ್ನೇ ನೋಡಿ. ಜಪಾನಿನ ಕಾರಿನ ರೇಡಿಯೋ ಕೂಡ ಅಲ್ಲಿಯ 76ರಿಂದ 95 ಮೆಗಾಹರ್ಟ್ಸ್ ವರೆಗಿನ ಎಫ್‌ಎಂ ಪಟ್ಟಿಗೆ ಹೊಂದಿಸಿದ್ದು. ಮಂಗಳೂರು ಆಕಾಶವಾಣಿಯ 100.3 ಅದರಲ್ಲಿ ಬರುವುದಿಲ್ಲ.

ಪ್ರಶ್ನೆ: ಅಬುಧಾಬಿಯಲ್ಲಿರುವ ಮಗ ರಜೆಗೆ ಕಾರ್ನೆಟ್ ಮಾಡಿಸಿ ಕಾರನ್ನು ತರುತ್ತೇನೆನ್ನುತ್ತಾನೆ. ಅವನು ಮರಳಿದ ಮೇಲೆ ಕಾರು ಇಲ್ಲಿಯೇ ಇರಬಹುದೇ? (ಮಂಜೇಶ್ವರ)

ಉತ್ತರ: ಇರಬಾರದು. ಕಾರ್ನೆಟ್ ಎನ್ನುವುದು ಆಮದು ಅಲ್ಲ, ವಾಪಸು ಒಯ್ಯುತ್ತೇನೆಂಬ ಖಾತರಿ. ಕಾರು ನೋಂದಣಿಯಾದ ದೇಶದ ಆಟೊಮೊಬೈಲ್ ಕ್ಲಬ್ಬು ಠೇವಣಿ ಇರಿಸಿಕೊಂಡು ಅದನ್ನು ಕೊಡುತ್ತದೆ, ಇಲ್ಲಿ ಸಾಮಾನ್ಯವಾಗಿ ಸಿಗುವ ಅವಧಿ ಆರು ತಿಂಗಳು. ಹೊರದೇಶದಲ್ಲಿ ವಾಸವಿರುವ ಮಗ ಓಡಿಸಬಹುದು. ಊರಿನಲ್ಲಿರುವ ತಮ್ಮನಿಗೆ ಕೀಲಿ ಕೊಡುವುದು, ಬಾಡಿಗೆಗೆ ಬಿಡುವುದು, ಮಾರುವುದು ಯಾವುದೂ ಸಲ್ಲದು. ಗಡುವಿನೊಳಗೆ ಕಾರು ಹಡಗು ಹತ್ತದಿದ್ದರೆ ಪೂರ್ತಿ ಸುಂಕದ ಬೇಡಿಕೆ ಬರುತ್ತದೆ, ಠೇವಣಿಯೂ ಹೋಗುತ್ತದೆ. ಸಾಗಾಟದ ಖರ್ಚನ್ನು ಎರಡು ದಿಕ್ಕಿಗೂ ಲೆಕ್ಕ ಹಾಕಿ, ಒಂದು ತಿಂಗಳ ರಜೆಗೆ ಅದು ಬೇಕೇ ಎಂದು ಮಗನನ್ನು ಕೇಳಿ.

ಪ್ರಶ್ನೆ: ಯುಎಇಯಲ್ಲಿ ಅಗ್ಗವಾಗಿ ಸಿಗುವ ಚೀನಾ ಮಾರುಕಟ್ಟೆಯ ಎಲೆಕ್ಟ್ರಿಕ್ ಕಾರು? (ಹೊಸಂಗಡಿ)

ಉತ್ತರ: ಸ್ಟಿಯರಿಂಗ್ ಎಡಕ್ಕಿದೆ, ಚಾರ್ಜಿಂಗ್ ಸಾಕೆಟ್ಟು ಇಲ್ಲಿಯದಲ್ಲ, ಬೇಡ.

ಪ್ರಶ್ನೆ: ಬಿಡಿಭಾಗಗಳಾಗಿ ಬಿಚ್ಚಿ ಕಂಟೇನರಿನಲ್ಲಿ ತಂದು ಇಲ್ಲಿ ಜೋಡಿಸಿದರೆ? (ಕುಂಬಳೆ)

ಉತ್ತರ: ಅದಕ್ಕೆ ಕಳ್ಳಸಾಗಣೆಯೆಂದೇ ಹೆಸರು.

ಪ್ರಶ್ನೆ: ಹಿಮಾಚಲದ ನಂಬರಿನ ಹಳೆಯ ಲ್ಯಾಂಡ್ ಕ್ರೂಸರನ್ನು ಕಳೆದ ವರ್ಷ ಮಧ್ಯವರ್ತಿಯೊಬ್ಬನಿಂದ ಕೊಂಡೆ. ಆರ್‌ಸಿ ಸರಿಯಾಗಿಯೇ ಇದೆ. ಈಗ ಭಯವಾಗುತ್ತಿದೆ. (ಕಾಞಂಗಾಡ್)

ಉತ್ತರ: ಭಯಕ್ಕೆ ಕಾರಣವಿದೆ. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನಲ್ಲಿ ಕೇರಳದಾದ್ಯಂತ ಶೋಧ ನಡೆಸಿ, ಭೂತಾನಿನ ದಾರಿಯಾಗಿ ತಂದು ಸುಳ್ಳು ದಾಖಲೆಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿದವೆಂಬ ಶಂಕೆಯ ಮೇಲೆ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡಿತು. ಆರ್‌ಸಿ ಸಾರಿಗೆ ಇಲಾಖೆಯ ಕಾಗದ. ಸುಂಕ ಕಟ್ಟಿದ್ದಕ್ಕೆ ಸಾಕ್ಷಿ ಬಿಲ್ ಆಫ್ ಎಂಟ್ರಿ. ಅದರಲ್ಲಿರುವ ಚಾಸಿ ನಂಬರನ್ನು ಕಾರಿನ ಚೌಕಟ್ಟಿನ ಮೇಲೆ ಕೊರೆದ ನಂಬರಿನೊಡನೆ ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಿ. ಬಿಲ್ಲೇ ಇಲ್ಲವಾದರೆ, ಅಥವಾ ನಂಬರು ಹೊಂದದಿದ್ದರೆ, ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ, ಇನ್ನೊಬ್ಬರಿಗೆ ಮಾರಲೂಬೇಡಿ; ಮಾರಿದರೆ ಮೋಸಹೋದವರ ಸಾಲಿನಿಂದ ಮೋಸ ಮಾಡಿದವರ ಸಾಲಿಗೆ ಹೋಗುತ್ತೀರಿ. ಹಣ ಕೊಟ್ಟ ಬ್ಯಾಂಕ್ ದಾಖಲೆ, ಮಧ್ಯವರ್ತಿ ಕಳಿಸಿದ ವಾಟ್ಸಾಪ್ ಸಂದೇಶಗಳು, ಮಾರಾಟದ ಕರಾರು ಇವೆಲ್ಲವನ್ನೂ ಜೋಡಿಸಿಕೊಂಡು, ಕಸ್ಟಮ್ಸ್ ಪ್ರಕರಣಗಳನ್ನು ನಡೆಸಿ ಅನುಭವವಿರುವ ವಕೀಲರನ್ನು ಈ ವಾರವೇ ಕಂಡು, ಅವರೊಂದಿಗೆ ನೀವಾಗಿಯೇ ಕಸ್ಟಮ್ಸ್ ಕಚೇರಿಗೆ ಹೋಗಿ.