ಗುಂಪಿನ ಮೌನಕ್ಕೆ ಬಹುಶಃ ಗುಂಪೇ ಕಾರಣ

ಮಾದಕ ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ವಿದ್ಯಾರ್ಥಿಗಳಿಗಾಗಿ ನೀವು ಮಾಡಿದ ವಾಟ್ಸಾಪ್ ಗುಂಪಿನಲ್ಲಿ ಈಗ ಯಾರೂ ಉತ್ತರಿಸುತ್ತಿಲ್ಲ ಎಂದಿದ್ದೀರಿ. ಇದಕ್ಕೆ ಕಾರಣ ಬಹುಮಟ್ಟಿಗೆ ಗುಂಪಿನ ಸ್ವರೂಪವೇ, ಏಕೆಂದರೆ ಅಲ್ಲಿ ಪ್ರತಿಯೊಬ್ಬರ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ ಮತ್ತು ಯಾರು ಬೇಕಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬಹುದು. ನಮ್ಮ ಕಾಲೇಜಿನ ಆಪ್ತಸಮಾಲೋಚನೆಯಲ್ಲಿಯೂ ಹೀಗೇ ಆಗಿತ್ತು.

ಮೊದಲು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ, ಒಪ್ಪಿದವರನ್ನು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪ್ ಸೌಲಭ್ಯ) ಸೇರಿಸಿ, ಆಮೇಲೆ ಗುಂಪನ್ನು ಮುಚ್ಚಿಬಿಡಿ. ಅವರು ನಿಮ್ಮ ಸಂಖ್ಯೆಯನ್ನು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಸಂದೇಶಗಳು 24 ಗಂಟೆಯಲ್ಲಿ ತಾವಾಗಿಯೇ ಅಳಿಯುವಂತೆ ಮಾಡಬಹುದಾದರೂ ಅದರಿಂದ ಸ್ಕ್ರೀನ್‌ಶಾಟ್ ತಪ್ಪುವುದಿಲ್ಲ.

ನಂತರ ಸಂದೇಶದ ಭಾಷೆಯನ್ನು ಬದಲಿಸಿ. ಹಾಸ್ಟೆಲಿನಲ್ಲಿ ಚಾರ್ಜಿಗೆ ಇಟ್ಟ ಫೋನಿನ ಪರದೆಯ ಮೇಲೆ ‘ಇವತ್ತು ಗಾಂಜಾ ಸೇದಬೇಕೆನಿಸಿತೇ?’ ಎಂಬ ಸಾಲು ಮೂಡಿದರೆ ಅದನ್ನು ಮೊದಲು ಓದುವವರು ರೂಮ್‌ಮೇಟ್‌ಗಳು. ಆದ್ದರಿಂದ ‘ಇವತ್ತು ಎಷ್ಟು?’ ಎಂದಷ್ಟೇ ಕೇಳಿ, ತುಡಿತದ ತೀವ್ರತೆಯನ್ನು 0ರಿಂದ 10ರೊಳಗಿನ ಒಂದು ಅಂಕಿಯಲ್ಲಿ ತಿಳಿಸುವಂತೆ ಮುಂಚೆಯೇ ಮಾತಾಡಿಕೊಂಡಿರಿ. ಅಂಕಿ 7 ದಾಟಿದರೆ ಟೈಪ್ ಮಾಡುತ್ತ ಕೂರದೆ ಕರೆ ಮಾಡಿ. ಉಪದೇಶದ ಫಾರ್ವರ್ಡ್‌ಗಳನ್ನಂತೂ ಕಳಿಸಲೇಬೇಡಿ.

ನೀವು ಯಾವ ಹೊತ್ತಿನಲ್ಲಿ ಸಿಗುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಉಳಿದ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಹಾಗೂ ವ್ಯಸನಮುಕ್ತಿ ಸಹಾಯವಾಣಿಯಾದ 14446 ಸಂಖ್ಯೆಗಳನ್ನು ಕೊಟ್ಟಿರಿ. ಯಾರಾದರೂ ಪ್ರಜ್ಞೆ ತಪ್ಪಿದರೆ ಅಥವಾ ಉಸಿರಾಟ ಕುಂದಿದರೆ ನೇರವಾಗಿ 108ಕ್ಕೇ ಕರೆ ಮಾಡಬೇಕು.

ಇಷ್ಟಾದ ಮೇಲೂ ಒಬ್ಬ ವಿದ್ಯಾರ್ಥಿ ಉತ್ತರಿಸದಿದ್ದರೆ, ಅದು ಮತ್ತೆ ಶುರುಮಾಡಿದ್ದರಿಂದಲೋ ಬರೀ ಬೇಸರದಿಂದಲೋ ಎಂಬುದನ್ನು ಫೋನಿನಲ್ಲಿ ಊಹಿಸಲಾಗದು. ಎರಡು ದಿನದೊಳಗೆ ಖುದ್ದಾಗಿ ಭೇಟಿಯಾಗಿ.