ಊರಿನ ಹಳೆಯ ಫೋಟೋಗಳನ್ನು ಉಳಿಸುವುದು: ಮೊದಲು ಹೆಸರು, ಆಮೇಲೆ ಸ್ಕ್ಯಾನರ್

ನಾಲ್ಕೈದು ಮನೆಗಳಿಂದ ಮುನ್ನೂರರಷ್ಟು ಹಳೆಯ ಫೋಟೋ ಸಿಗುವಂತಿದೆ, ಯಾವ ಸ್ಕ್ಯಾನರ್ ಕೊಳ್ಳಲಿ, ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಇಡಲಿ, ಆಮೇಲೆ ಎಲ್ಲಿ ಹಾಕಲಿ ಎಂದು ಕೇಳಿದ್ದೀರಿ. ಡಿಪಿಐ ವಿಷಯಕ್ಕೆ ಬರುತ್ತೇನೆ, ಆದರೆ ಕೆಲಸದ ಸರದಿಯನ್ನು ತಿರುಗಿಸಿಕೊಳ್ಳಿ. ಡಬ್ಬಿಯಲ್ಲಿ ಐವತ್ತು ವರ್ಷ ಇದ್ದ ಪ್ರಿಂಟು ಇನ್ನೊಂದೆರಡು ವರ್ಷ ಇದ್ದೀತು. ಅದರಲ್ಲಿರುವವರನ್ನು ಗುರುತಿಸಬಲ್ಲ ಎಂಬತ್ತೈದರ ಹಿರಿಯರ ವಿಷಯದಲ್ಲಿ ಆ ಭರವಸೆ ಇಲ್ಲ. ಹೆಸರು, ಜಾಗ, ವರ್ಷ ಗೊತ್ತಿಲ್ಲದ ಗುಂಪು ಫೋಟೋ ಎಷ್ಟೇ ಚೆನ್ನಾಗಿ ಸ್ಕ್ಯಾನ್ ಆಗಿದ್ದರೂ 'ಯಾರೋ ಹನ್ನೆರಡು ಮಂದಿ' ಅಷ್ಟೇ. ಆದ್ದರಿಂದ ಮೊದಲ ಸುತ್ತಿನಲ್ಲಿ ಫೋನಿನಲ್ಲೇ ಪ್ರತಿ ತೆಗೆದುಕೊಂಡು ಹಿರಿಯರ ಬಳಿ ಹೋಗಿ. ಒಳ್ಳೆಯ ಸ್ಕ್ಯಾನ್ ಎರಡನೆಯ ಸುತ್ತಿಗಿರಲಿ.

ಫೋನಿನ ಪ್ರತಿ ಎಂದರೆ ಕಳಪೆ ಎಂದೇನಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 4000 x 3000 ಪಿಕ್ಸೆಲ್ ಇರುತ್ತದೆ. 4 x 6 ಇಂಚಿನ ಪ್ರಿಂಟನ್ನು ಚೌಕಟ್ಟಿನ ತುಂಬ ಹಿಡಿದರೆ ಇಂಚಿಗೆ 600ರ ಹತ್ತಿರ ಪಿಕ್ಸೆಲ್ ಸಿಗುತ್ತವೆ. ಕೆಡುವುದು ಬೆಳಕಿನಿಂದ ಮತ್ತು ಓರೆಯಿಂದ. ಫ್ಲ್ಯಾಶ್ ಬೇಡ. ಒಂದೇ ಬಗೆಯ ಎರಡು ದೀಪಗಳನ್ನು ಎಡಬಲದಲ್ಲಿ 45 ಡಿಗ್ರಿ ಓರೆಗೆ ಇಡಿ, ಇಲ್ಲವೇ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಕೂರಿ. ಫೋನು ಪ್ರಿಂಟಿಗೆ ಸಮಾನಾಂತರವಾಗಿರಬೇಕು. ಚೌಕದ ಅಂಚು ಒಂದು ಕಡೆ ಕಿರಿದಾಗಿ ಕಂಡರೆ ಓರೆಯಾಗಿದೆ ಎಂದರ್ಥ. ಮುಖ ನುಣುಪು ಮಾಡುವ ಬ್ಯೂಟಿ ಮೋಡ್, ಫಿಲ್ಟರ್‌ಗಳನ್ನು ಆಫ್ ಮಾಡಿಬಿಡಿ. ಹೊಳೆಯುವ ಪ್ರಿಂಟಿನಲ್ಲಿ ನಿಮ್ಮ ಫೋನೇ ಪ್ರತಿಬಿಂಬವಾಗಿ ಕಂಡರೆ ಕಪ್ಪು ರಟ್ಟಿಗೆ ಲೆನ್ಸಿನಷ್ಟು ತೂತು ಮಾಡಿ ಅದರ ಮೂಲಕ ತೆಗೆಯಿರಿ.

ಇದಕ್ಕೂ ಮೊದಲು ಸಂಖ್ಯೆ ಹಾಕುವ ಪದ್ಧತಿ ಗಟ್ಟಿಯಾಗಲಿ. ಮನೆಗೊಂದು ಸಂಖ್ಯೆ, ಆ ಮನೆಯ ಫೋಟೋಗೊಂದು ಸಂಖ್ಯೆ, ಕೊನೆಯಲ್ಲಿ ಮುಂಬದಿಗೆ 1, ಹಿಂಬದಿಗೆ 2. ಅಂದರೆ 03-017-1 ಎಂದರೆ ಮೂರನೆಯ ಮನೆಯ ಹದಿನೇಳನೆಯ ಫೋಟೋದ ಮುಂಬದಿ. ಮುಂದಿನ ಸೊನ್ನೆಗಳನ್ನು ಬಿಟ್ಟರೆ ಕಂಪ್ಯೂಟರಿನ ಕೆಲವು ತಂತ್ರಾಂಶಗಳಲ್ಲಿ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಫೈಲಿನ ಹೆಸರಿನಲ್ಲಿ ಮನುಷ್ಯರ ಹೆಸರು, ವರ್ಷ ಸೇರಿಸಬೇಡಿ. ಇವತ್ತಿನ ಗುರುತು ನಾಳೆ ತಪ್ಪೆಂದು ಗೊತ್ತಾಗುತ್ತದೆ. ಆಗ ಫೈಲಿನ ಹೆಸರು ಬದಲಿಸಹೊರಟರೆ ಹಂಚಿದ ಪ್ರತಿಗಳೆಲ್ಲ ಅನಾಥವಾಗುತ್ತವೆ. ಹೆಸರು, ವರ್ಷವೆಲ್ಲ ಸ್ಪ್ರೆಡ್‌ಶೀಟಿನಲ್ಲಿರಲಿ. ಆಲ್ಬಂ ಇದ್ದರೆ ಯಾವುದನ್ನೂ ಕೀಳುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ತೆಗೆಯಿರಿ. ಯಾವುದರ ಪಕ್ಕ ಯಾವುದನ್ನು ಅಂಟಿಸಿದ್ದರು ಎಂಬುದೇ ಎಷ್ಟೋ ಸಲ ವರ್ಷ ಪತ್ತೆಹಚ್ಚುವ ಸುಳಿವು.

ಇನ್ನು ಮಾತಿಗೆ ಕೂರುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಇದು ಹರಟೆಯಂತೆ ಕಾಣುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ಫೋಟೋ, ಒಂದೂವರೆ ಗಂಟೆಯ ಒಳಗೆ ಮುಗಿಸಿ. ಅದಕ್ಕಿಂತ ಹೆಚ್ಚಾದರೆ ದಣಿದವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಫೋನಿನ ಪರದೆ ತೋರಿಸಬೇಡಿ, ಎ4 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ ಕೊಡಿ. ಕಣ್ಣು ಮಂಜಾದವರಿಗೆ ಇದರಿಂದ ಆಗುವ ವ್ಯತ್ಯಾಸ ದೊಡ್ಡದು, ಜೊತೆಗೆ ಅದರ ಮೇಲೆ ಬರೆಯಲೂಬಹುದು. ಗುಂಪು ಫೋಟೋ ಆದರೆ ಪ್ರತಿ ತಲೆಯ ಮೇಲೂ ಮೊದಲೇ ಸಂಖ್ಯೆ ಬರೆದಿಟ್ಟುಕೊಳ್ಳಿ. 'ಎಡದಿಂದ ಮೂರನೆಯವರು' ಎಂದು ಬರೆದುಕೊಂಡರೆ ಯಾರ ಎಡ ಎಂಬ ತಕರಾರು ಹುಟ್ಟುತ್ತದೆ, ಎರಡು ಸಾಲಿನ ನಡುವೆ ಇಣುಕುವ ಮಗುವನ್ನು ಯಾವ ಸಾಲಿಗೆ ಸೇರಿಸುವುದು ಎಂಬುದೂ ಬಗೆಹರಿಯುವುದಿಲ್ಲ.

ಧ್ವನಿಮುದ್ರಣ ಮಾಡಿಕೊಳ್ಳಲೇಬೇಕು. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಫೈಲ್ (ಕುಗ್ಗಿಸದ ಧ್ವನಿ ಫೈಲ್) ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ದೊಡ್ಡ ಹೊರೆಯೇನಲ್ಲ. ಆದರೆ ಧ್ವನಿಯಲ್ಲಿ ಬೆರಳು ಕಾಣುವುದಿಲ್ಲ. 'ಇವನು ನಮ್ಮಣ್ಣ, ಇಲ್ಲಿ ಹಿಂದೆ ಕಾಣ್ತಿದೆಯಲ್ಲ, ಅದು ಇವರ ಮನೆ' ಎಂದು ಹಿರಿಯರು ಬೆರಳಿಟ್ಟು ಹೇಳುತ್ತಾರೆ. ಆರು ತಿಂಗಳ ಮೇಲೆ ಕೇಳಿದರೆ ಆ ವಾಕ್ಯದಿಂದ ಏನೂ ದಕ್ಕುವುದಿಲ್ಲ. ಹೊಸ ಫೋಟೋ ಕೈಗೆ ಕೊಟ್ಟಾಗಲೆಲ್ಲ ಸಂಖ್ಯೆಯನ್ನು ನೀವೇ ಗಟ್ಟಿಯಾಗಿ ಓದಿ, ಅವರು ಬೆರಳಿಟ್ಟಾಗ 'ಅಂದರೆ ಏಳನೆಯ ತಲೆ, ಬಿಳಿ ಅಂಗಿಯವರು' ಎಂದು ಸೇರಿಸಿ. ಸಂಬಂಧವಾಚಕವನ್ನು ಹಾಗೇ ಬರೆದುಕೊಳ್ಳಬೇಡಿ. 'ದೊಡ್ಡಪ್ಪ' ಎಂದರೆ ಯಾರ ದೊಡ್ಡಪ್ಪ? ಪೂರ್ಣ ಹೆಸರು, ಕರೆಯುತ್ತಿದ್ದ ಅಡ್ಡಹೆಸರು, ಹೆಣ್ಣುಮಕ್ಕಳದಾದರೆ ಮದುವೆಗೆ ಮೊದಲಿನ ಹೆಸರು ಕೇಳಿ.

'ಇದು ಅರವತ್ತೆರಡರ ಫೋಟೋ ಅಲ್ಲವೇ?' ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ, ಎಪ್ಪತ್ತೆರಡು ಎಂದಿದ್ದರೂ ಅದೇ ಬರುತ್ತಿತ್ತು. ಇಸವಿಯನ್ನು ನೇರ ಕೇಳುವ ಬದಲು ಆಗ ನೀವು ಯಾವ ಕ್ಲಾಸಿನಲ್ಲಿದ್ದಿರಿ, ಮದುವೆ ಆಗಿತ್ತೇ, ಕರೆಂಟು ಬಂದಿತ್ತೇ, ಸೇತುವೆ ಕಟ್ಟಿ ಆಗಿತ್ತೇ ಎಂದು ಕೇಳಿ. ಸೇತುವೆಯ ವರ್ಷ ದಾಖಲೆಯಲ್ಲಿ ಸಿಕ್ಕೀತು. ಅದರಿಂದ ಫೋಟೋದ ವರ್ಷಕ್ಕೆ ಹಿಂದೊಂದು ಮುಂದೊಂದು ಗಡಿ ಬೀಳುತ್ತದೆ. ಒಂದೇ ಫೋಟೋವನ್ನು ಇಬ್ಬರಿಗೆ ಬೇರೆಬೇರೆಯಾಗಿ ತೋರಿಸಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ನೆನಪು ಒಂದರಿಂದೊಂದು ಚಿಗುರುತ್ತದೆ ನಿಜ, ಆದರೆ ದನಿ ದೊಡ್ಡದಿರುವವರು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ. ಮೊದಲು ಒಬ್ಬೊಬ್ಬರು, ಆಮೇಲೆ ಗುಂಪು. ಇಬ್ಬರು ಎರಡು ಹೆಸರು ಹೇಳಿದರೆ ತೀರ್ಪು ಕೊಡುವ ಗೋಜಿಗೆ ಹೋಗಬೇಡಿ. ಇಂಥವರು ಇಂಥ ದಿನ ಹೀಗೆ ಗುರುತಿಸಿದರು ಎಂದು ಎರಡನ್ನೂ ದಾಖಲಿಸಿ. ಯಾರು ಹೇಳಿದ್ದು ಎಂಬ ಕಾಲಂ ಇಲ್ಲದ ಪಟ್ಟಿಗೆ ನಾನು ಬೆಲೆ ಕೊಡುವುದಿಲ್ಲ. ವರ್ಷಕ್ಕೆ 1962 ಎಂದು ಖಚಿತವಾಗಿ ಬರೆಯುವುದಕ್ಕೂ 1962~ ಎಂದು ಆಸುಪಾಸು ಸೂಚಿಸುವುದಕ್ಕೂ 1962? ಎಂದು ಅನುಮಾನ ತೋರಿಸುವುದಕ್ಕೂ ವ್ಯತ್ಯಾಸ ಇಡಿ. ಈ ಚಿಹ್ನೆಗಳು ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ 2019ರ ಐಎಸ್‌ಒ 8601-2ರಲ್ಲೇ ಇವೆ.

ನೆನಪನ್ನು ಕಾಗದದೊಂದಿಗೂ ತಾಳೆ ನೋಡಿ. ಹಿಂಬದಿಯ ಸ್ಟುಡಿಯೋ ಮೊಹರು, ಲ್ಯಾಬಿನವರು ಒತ್ತಿದ ದಿನಾಂಕ ನೇರ ಸಾಕ್ಷಿ. ಪ್ಲಾಸ್ಟಿಕ್ ಲೇಪದ ನುಣುಪು ಕಾಗದ ಸಾಮಾನ್ಯವಾಗಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಚೌಕಾಕಾರದ ಸಣ್ಣ ಬಣ್ಣದ ಪ್ರಿಂಟಾದರೆ 1963ರಲ್ಲಿ ಬಂದ ಕೊಡಾಕ್ ಕಂಪನಿಯ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾದ ಕಾಲದ್ದಿರಬಹುದು. ಆದರೆ ಕಾಗದ ಹೇಳುವುದು ಮುದ್ರಿಸಿದ ಕಾಲವನ್ನು, ಕ್ಲಿಕ್ಕಿಸಿದ ಕಾಲವನ್ನಲ್ಲ. ನಲವತ್ತರ ದಶಕದ ಫೋಟೋವನ್ನು ಎಂಬತ್ತರಲ್ಲಿ ಮರುಮುದ್ರಿಸಿರುವುದು ಮಾಮೂಲು. ನೆಗೆಟಿವ್ ತಿರುಗಿಸಿ ಮುದ್ರಿಸಿದ್ದಾರೆಯೇ ಎಂದೂ ನೋಡಿ. ಬೋರ್ಡಿನ ಅಕ್ಷರ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಗಂಡಸರ ಅಂಗಿಯ ಗುಂಡಿಪಟ್ಟಿ, ಕೈಗಡಿಯಾರ ನೋಡಿ. ಎಲ್ಲರೂ ಬಲಗೈಗೇ ಕಟ್ಟಿದ್ದರೆ ಅನುಮಾನಿಸಿ.

ಈಗ ಸ್ಕ್ಯಾನರ್. ಗಾಜಿನ ಮೇಲೆ ಫೋಟೋ ಮಲಗಿಸಿ ಮುಚ್ಚುವ ಯಾವುದೇ ಸಾಧಾರಣ ಫ್ಲಾಟ್‌ಬೆಡ್ ಸಾಕು. ಹಾಳೆಯನ್ನು ಒಳಗೆಳೆದುಕೊಳ್ಳುವ ಬಗೆಯದು ಬೇಡ, ಮುರುಟಿದ ಅಂಚು ಅದರಲ್ಲಿ ಹರಿಯುತ್ತದೆ. 4 x 6 ಇಂಚಿಗೆ 600 ಡಿಪಿಐ, ಬೆಂಕಿಪೊಟ್ಟಣದಷ್ಟು ಸಣ್ಣ ಪ್ರಿಂಟಿಗೆ 1200, 8 x 10ಕ್ಕೆ 400 ಸಾಕು. 35 ಎಂಎಂ ನೆಗೆಟಿವ್‌ಗೆ 3000ದಿಂದ 4000, ಅದಕ್ಕೆ ಹಿಂದಿನಿಂದ ಬೆಳಕು ಬರುವ ವ್ಯವಸ್ಥೆ ಇರುವ ಸ್ಕ್ಯಾನರೇ ಬೇಕು. ಕಪ್ಪುಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಲೆ ಯಾವುದು, ಶಾಯಿ ಯಾವುದು, ಕಂದು ಛಾಯೆ ಎಷ್ಟು ಎಂಬುದು ಬಣ್ಣದಲ್ಲಷ್ಟೇ ಬೇರೆಯಾಗಿ ಕಾಣುತ್ತದೆ. ಗುಣಮಟ್ಟ ಕುಗ್ಗಿಸದ ಟಿಫ್ ಬಗೆಯ ಫೈಲಾಗಿ ಉಳಿಸಿ. 600 ಡಿಪಿಐಯ 4 x 6 ಪ್ರಿಂಟು 24 ಬಿಟ್‌ನಲ್ಲಿ ಸುಮಾರು 26 ಎಂಬಿ, ಅಂದರೆ ನಿಮ್ಮ ಮುನ್ನೂರು ಫೋಟೋಗಳ ಮುಂಬದಿ 8 ಜಿಬಿಯ ಒಳಗೆ ಮುಗಿಯುತ್ತದೆ, ಹಿಂಬದಿ ಸೇರಿಸಿದರೆ ಅದರ ಎರಡರಷ್ಟು. ಬಿಳಿ ಅಂಚನ್ನು ಕತ್ತರಿಸಬೇಡಿ. ಸ್ಕ್ಯಾನರ್ ತಂತ್ರಾಂಶದ ದೂಳು ತೆಗೆಯುವ, ಹರಿತ ಮಾಡುವ ಆಯ್ಕೆಗಳನ್ನು ಆಫ್ ಮಾಡಿ. ಕೃತಕ ಬುದ್ಧಿಮತ್ತೆಯಿಂದ ಮುಖ ತಿದ್ದುವ, ಬಣ್ಣ ತುಂಬುವ ಉಪಕರಣಗಳ ಬಗ್ಗೆ ನನ್ನ ನಿಲುವು ಕಟುವಾಗಿದೆ: ಅವು ಇಲ್ಲದ ಕಣ್ಣು ಮೂಗನ್ನು ಊಹಿಸಿ ಕೂರಿಸುತ್ತವೆ, ಸೀರೆಗೆ ತೋಚಿದ ಬಣ್ಣ ಬಳಿಯುತ್ತವೆ. ಸಂತೋಷಕ್ಕೆ ಮಾಡಿಕೊಂಡರೂ ಸಂಗ್ರಹದೊಳಗೆ ಬಿಡಬೇಡಿ. ಇನ್ನೊಂದು ಕಿರಿಕಿರಿ: ಸ್ಕ್ಯಾನ್ ಮಾಡಿದ ದಿನವೇ ಫೈಲಿನ ದಿನಾಂಕವಾಗಿ ಕೂರುತ್ತದೆ, ಫೋಟೋ ಆ್ಯಪ್‌ಗಳು ಅದನ್ನೇ ನಂಬಿ ಅಜ್ಜಿಯ ಬಾಲ್ಯವನ್ನು ಈ ವರ್ಷಕ್ಕೆ ಜೋಡಿಸುತ್ತವೆ. ನಿಜವಾದ ವರ್ಷವನ್ನು ಸ್ಪ್ರೆಡ್‌ಶೀಟಿನಲ್ಲೂ ಫೈಲಿನೊಳಗೇ ವಿವರ ಬರೆಯಲು ಇರುವ ಕ್ಯಾಪ್ಷನ್ ಜಾಗದಲ್ಲೂ ಬರೆಯಿರಿ.

ಮೂಲ ಪ್ರಿಂಟು ಮುಟ್ಟುವಾಗ ಕೈ ತೊಳೆದು ಒರೆಸಿ, ಅಂಚು ಮಾತ್ರ ಹಿಡಿಯಿರಿ. ದೂಳನ್ನು ಮೆತ್ತನೆಯ ಬ್ರಷ್‌ನಿಂದ ಸರಿಸಿ. ಒದ್ದೆ ಬಟ್ಟೆ ಬೇಡವೇ ಬೇಡ, ಚಿತ್ರ ನಿಂತಿರುವುದು ಜೆಲಟಿನ್ ಪದರದ ಮೇಲೆ, ತೇವ ಸೋಕಿದರೆ ಅದು ಉಬ್ಬಿ ಅಂಟಾಗುತ್ತದೆ. ಫ್ರೇಮಿನ ಗಾಜಿಗೆ ಫೋಟೋ ಅಂಟಿಕೊಳ್ಳುವುದೂ ಇದೇ ಕಾರಣಕ್ಕೆ. ಅಂಥದ್ದನ್ನು ಎಳೆದರೆ ಮುಖ ಗಾಜಿನಲ್ಲಿ, ಕಾಗದ ಕೈಯಲ್ಲಿ. ಗಾಜಿನ ಸಮೇತವೇ ಪ್ರತಿ ತೆಗೆದು ಹಾಗೇ ಬಿಡಿ. ಅಂಟುಪುಟದ ಆಲ್ಬಮ್ಮಿನಿಂದ ಬಿಡಿಸಲೇಬೇಕಾದರೆ ಹಲ್ಲುಸಂದಿ ಸ್ವಚ್ಛಮಾಡುವ ಮೇಣವಿಲ್ಲದ ದಾರವನ್ನು ಒಂದು ಮೂಲೆಯಿಂದ ಫೋಟೋದ ಹಿಂದೆ ತೂರಿಸಿ ಗರಗಸದಂತೆ ನಿಧಾನವಾಗಿ ಆಡಿಸಿ. ಜಗ್ಗದಿದ್ದರೆ ನಿಲ್ಲಿಸಿ. ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆಯಿರಿ, ಫೋಟೋ ಒಳಗಿಡುವ ಮೊದಲೇ. ಹಳೆಯ ಕಾಗದದ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ ಆದೀತು, ಪ್ಲಾಸ್ಟಿಕ್ ಲೇಪದ ಮೇಲೆ ಅದು ಹತ್ತುವುದಿಲ್ಲ; ಬಾಲ್‌ಪೆನ್ನಂತೂ ಒತ್ತಿದ ಗೆರೆಯನ್ನು ಮುಂಬದಿಗೂ ಮೂಡಿಸುತ್ತದೆ. ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರಲಿ, ಇಲ್ಲವೇ ಆಮ್ಲರಹಿತ ಕಾಗದದ ಲಕೋಟೆ. ಅಟ್ಟವೂ ಬೇಡ, ನೆಲಕ್ಕೆ ತಾಗಿದ ಕಪಾಟೂ ಬೇಡ.

ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯಲು ಶುರುವಾಗಿದೆ. ಅವನ್ನು ಬೇರೆಯಿಟ್ಟು ಮೊದಲು ಸ್ಕ್ಯಾನ್ ಮಾಡಿ. 1950ಕ್ಕಿಂತ ಹಿಂದಿನ ಫಿಲ್ಮ್ ಹಳದಿಯಾಗಿ ಅಂಟಂಟಾಗಿದ್ದರೆ ನೈಟ್ರೇಟ್ ಎಂಬ ಹಳೆಯ ಬಗೆಯ ಫಿಲ್ಮ್ ಇರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಬಿಸಿಯಾಗುವ ಕಡೆ ಇಡಬೇಡಿ, ಸುಟ್ಟು ಪರೀಕ್ಷಿಸಲು ಹೋಗಬೇಡಿ, ಪತ್ರಾಗಾರದ ತಜ್ಞರನ್ನು ಕೇಳಿ.

ಅನುಮತಿಯನ್ನು ಬಾಯಿಮಾತಿಗೆ ಬಿಡಬೇಡಿ. ಪ್ರಿಂಟು ಯಾರ ಮನೆಯಲ್ಲಿದೆ, ತೆಗೆದವರು ಯಾರು, ಅದರಲ್ಲಿರುವವರು ಯಾರು, ಇವು ಮೂರು ಬೇರೆ ವಿಷಯ. ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತೆಗೆದವರದು, ಅದರ ಅವಧಿ ದೇಶದಿಂದ ದೇಶಕ್ಕೆ ಬೇರೆ. ಒಂದೇ ಪುಟದ ಒಪ್ಪಿಗೆ ಪತ್ರದಲ್ಲಿ ಪ್ರತಿ ಇಟ್ಟುಕೊಳ್ಳಬಹುದೇ, ಜಾಲತಾಣದಲ್ಲಿ ಹಾಕಬಹುದೇ, ಮುದ್ರಿಸಬಹುದೇ, ಹೆಸರು ಹೇಳಬಹುದೇ ಎಂದು ಬಿಡಿಬಿಡಿಯಾಗಿ ಕೇಳಿ. ಧ್ವನಿಗೂ ಬೇರೆ ಸಹಿ ತೆಗೆದುಕೊಳ್ಳಿ. ಸಾಧ್ಯವಾದರೆ ಆಯಾ ಮನೆಯಲ್ಲೇ ಕೂತು ಪ್ರತಿ ಮಾಡಿ, ಮೂಲ ಪ್ರಿಂಟು ಹೊಸ್ತಿಲು ದಾಟದಿದ್ದರೆ ಕಳೆಯುವ ಪ್ರಶ್ನೆಯೇ ಇಲ್ಲ.

ಎಲ್ಲಿ ಹಾಕುವುದು ಎಂದಿರಲ್ಲ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ. ವರ್ಷಕ್ಕೊಮ್ಮೆ ಹಾರ್ಡ್‌ಡಿಸ್ಕ್ ತೆರೆದು ಫೈಲುಗಳು ತೆರೆಯುತ್ತವೆಯೇ ನೋಡಿ. ಸ್ಪ್ರೆಡ್‌ಶೀಟನ್ನು ಕಾಗದದಲ್ಲೂ ಮುದ್ರಿಸಿ ಇಟ್ಟುಕೊಳ್ಳಿ. ವಿಕಿಪೀಡಿಯದ ಚಿತ್ರಗಳನ್ನೂ ಇಡುವ ಮುಕ್ತ ಭಂಡಾರ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದಾದ ಮುಕ್ತ ಪರವಾನಗಿ ಕೊಡಬೇಕಾಗುತ್ತದೆ, ಅದನ್ನು ಫೋಟೋ ಕೊಟ್ಟವರಿಗೆ ಮೊದಲೇ ತಿಳಿಸಿ. ಊರಿನ ವಾಟ್ಸ್ಆ್ಯಪ್ ಗುಂಪು ಗುರುತು ಹಿಡಿಸಲು ಬಹಳ ಒಳ್ಳೆಯದು, ಸಂಗ್ರಹಕ್ಕೆ ಅಲ್ಲ. ಅದು ಚಿತ್ರವನ್ನು ಕುಗ್ಗಿಸಿ ಫೈಲಿನೊಳಗೆ ಬರೆದ ಕ್ಯಾಪ್ಷನ್ ಮಾಹಿತಿಯನ್ನೂ ಉದುರಿಸುತ್ತದೆ. ಗುಂಪಿಗೆ ಕಳಿಸುವ ಪ್ರತಿಯ ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ 03-017 ಎಂಬ ಸಂಖ್ಯೆಯನ್ನು ಚಿತ್ರದಲ್ಲೇ ಅಚ್ಚಾಗುವಂತೆ ಹಾಕಿ, ಜೊತೆಗೆ ನಿಮ್ಮನ್ನು ತಲುಪುವ ವಿಳಾಸ. ಹತ್ತು ಗುಂಪು ಸುತ್ತಿ ಬೇರೆ ದೇಶದಲ್ಲಿರುವ ಯಾರಿಗೋ ತಲುಪಿ, ಐದನೆಯ ತಲೆ ನಮ್ಮ ತಾತ ಎಂದು ಅವರು ಬರೆದರೆ ಆ ಮಾತು ಯಾವ ಫೋಟೋದ್ದು ಎಂದು ಹುಡುಕಾಡಬೇಕಾಗುವುದಿಲ್ಲ.