ಲೈನ್ ಮನೆಗೆ ಅರ್ಥವಾಗುವ ಎಚ್ಚರಿಕೆ

ಪ್ರಶ್ನೆ: ಕಾವೇರಿಯ ದಡಕ್ಕೆ ಹತ್ತಿರವಿರುವ ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಯರವ ಬುಡಕಟ್ಟಿನ ಕುಟುಂಬಗಳೂ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಇದ್ದಾರೆ. ಕಳೆದ ಮಳೆಗಾಲದಲ್ಲಿ ಮೊಬೈಲಿಗೆ ಬಂದ ‘ರೆಡ್ ಅಲರ್ಟ್’ ಸಂದೇಶವನ್ನು ಬಹುತೇಕರು ಓದಲಾರದೆ ಅಳಿಸಿಬಿಟ್ಟಿದ್ದರು. ಅವರವರ ಭಾಷೆಯಲ್ಲೇ ಎಚ್ಚರಿಕೆ ಕೊಡಲು ಬರುವುದಿಲ್ಲವೆ?
– ತೋಟದ ಮಾಲೀಕರು, ಸಿದ್ದಾಪುರ, ಕೊಡಗು

ಉತ್ತರ: ತಂತ್ರಜ್ಞಾನದ ಅಡ್ಡಿಯಂತೂ ಇಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಅನುಸರಿಸುವ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂಬ ಮಾದರಿಯಲ್ಲಿ, ಒಂದೇ ಎಚ್ಚರಿಕೆಯೊಳಗೆ ಹಲವು ಭಾಷೆಗಳ ಒಕ್ಕಣೆಯನ್ನು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರಿನಲ್ಲಿ ಪರೀಕ್ಷೆಗೆಂದು ಕಳಿಸಿದ ಎಚ್ಚರಿಕೆಗೆ ನಮ್ಮ ಮೊಬೈಲುಗಳೆಲ್ಲ ಒಮ್ಮೆಗೇ ಅರಚಿಕೊಂಡದ್ದು ನಿಮಗೆ ನೆನಪಿರಬಹುದು. ಆ ಸೆಲ್ ಬ್ರಾಡ್‌ಕಾಸ್ಟ್ ಪದ್ಧತಿಯು ನಂಬರುಗಳ ಪಟ್ಟಿಯನ್ನು ನೋಡದೆ ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆ ಸಂದೇಶ ಕಳಿಸುವುದರಿಂದ, ಬೇರೆ ರಾಜ್ಯದ ಸಿಮ್ ಇದ್ದವರೂ ಹೊರಗುಳಿಯಬೇಕಾಗಿಲ್ಲ.

ತೊಡಕು ಇರುವುದು ಓದಿನಲ್ಲಿ. ಕೊಡವ ತಕ್ಕ್ ಅಥವಾ ಅರೆಭಾಷೆಯನ್ನಾಡುವ ಹೆಚ್ಚಿನವರು ಕನ್ನಡವನ್ನು ಓದಬಲ್ಲರು. ಯರವ ಭಾಷೆಯಾದರೋ ಆಡುಮಾತಾಗಿಯೇ ಉಳಿದುಬಂದದ್ದು. ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಕಳಿಸಿದರೆ ಕನ್ನಡ ಓದಲು ಬಾರದ ಅಜ್ಜಿಗೆ ಅದೂ ಅಷ್ಟೆ, ಇದೂ ಅಷ್ಟೆ. ಅವರಿಗೆ ಬೇಕಾದದ್ದು ಧ್ವನಿ. ಲೈನಿನಲ್ಲಿರುವ ಯುವಕನೋ ಯುವತಿಯೋ ಬೇಸಿಗೆಯಲ್ಲೇ ಹೇಳಿ ರೆಕಾರ್ಡ್ ಮಾಡಿಟ್ಟ ಅರ್ಧ ನಿಮಿಷದ ಮಾತು, ಮಳೆಯ ದಿನ ಅವಸರದಲ್ಲಿ ಮಾಡಿಸಿದ ಅನುವಾದಕ್ಕಿಂತ ಮೇಲು. ಅಸ್ಸಾಮಿನಿಂದ ಬಂದವರೆಲ್ಲರ ಮನೆಮಾತು ಅಸ್ಸಾಮಿ ಎಂದುಕೊಳ್ಳಬೇಡಿ. ಅವರಲ್ಲಿ ಬಂಗಾಳಿಯವರೂ ಇರುತ್ತಾರೆ, ಕೇಳಿ ತಿಳಿದುಕೊಳ್ಳಿ.

ಇನ್ನು ಮಾತಿನ ಆಯ್ಕೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 204.4 ಮಿಲಿಮೀಟರ್ ಮೀರಿದರೆ ಅದು ಅತ್ಯಂತ ಭಾರಿ ಮಳೆ. ಆದರೆ ಈ ಅಂಕಿಯಾಗಲಿ ‘ರೆಡ್’ ಎಂಬ ಬಣ್ಣವಾಗಲಿ ಎತ್ತ ಓಡಬೇಕೆಂದು ಹೇಳುವುದಿಲ್ಲ. ಪ್ರಕಟಣೆಗಳಲ್ಲಿ ‘ಭೂಕುಸಿತ’ ಎಂದಿರುತ್ತದೆ, ಕೊಡಗಿನ ಬಾಯಲ್ಲಿ ಅದು ‘ಬರೆ ಕುಸಿತ’. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನ ಕಡೆ ಬೆಟ್ಟವೇ ಜಾರಿದ ಮೇಲಂತೂ ಆ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ಹೊಳೆ ಏರುತ್ತಿದೆ, ಸಾಮಾನು ಬಿಡಿ, ಮಕ್ಕಳನ್ನು ಕರೆದುಕೊಂಡು ಮೇಲಿನ ಶಾಲೆಗೆ ಹೋಗಿ’ ಎಂಬಷ್ಟಿದ್ದರೆ ಸಾಕು.

ಕರೆಂಟು ಹೋಗಿ ಟವರೂ ನಿಂತ ರಾತ್ರಿಗೆ ಬ್ಯಾಟರಿಯ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ, ಅದರ ಜೊತೆಗೆ ಟಾರ್ಚು ಹಿಡಿದು ಲೈನಿಗೆ ಹೋಗುವ ಒಬ್ಬ ಮೇಸ್ತ್ರಿ ಇರಲಿ. ಅವರು ಯಾರೆಂಬುದು ಮೊದಲೇ ಗೊತ್ತಾಗಿರಲಿ. ರೆಕಾರ್ಡಿಂಗನ್ನು ಮೇ ತಿಂಗಳಲ್ಲೇ ಲೈನಿನ ನಾಲ್ಕು ಜನರಿಗೆ ಕೇಳಿಸಿ, ಏನು ತಿಳಿಯಿತೆಂದು ವಿಚಾರಿಸಿ. ‘ಜೋರು ಮಳೆಯಂತೆ’ ಎಂದಷ್ಟೇ ಹೇಳಿ ಸುಮ್ಮನಾದರೆ ಮತ್ತೊಮ್ಮೆ ರೆಕಾರ್ಡ್ ಮಾಡಿಸಿ.